ನಾಲ್ಕು ದಿನಕ್ಕೊಂದು ವರ್ಷ

ಬೆಳಗಿನ ಜಾವ ನಾಲ್ಕು ಗಂಟೆ, ಮಂಡಕ್ಕಿ ಭಟ್ಟಿಯ ಸಾಲು.
ದಾವಣಗೆರೆ ಇನ್ನೂ ಹೊಟ್ಟಿನ ಹೊಗೆ ಹೊದ್ದು ಮಲಗಿದೆ.
ನಾನು ಕಾಲೇಜಿನ ಭೌತಶಾಸ್ತ್ರ ಲ್ಯಾಬಿನ ಅಟೆಂಡರ್,
ಪ್ರಿಸಮ್ಮು ಒರೆಸುವವನು, ಮಸೂರ ಎಣಿಸಿ ಬೀರುವಿಗಿಡುವವನು;
ತಂಗಿಯ ಅಂಗಡಿಗೆ ಎರಡು ಚೀಲ ಒಯ್ಯಲು ಬಂದು
ಗೋಣಿಯ ಮೇಲೆ ಕೂತಿದ್ದೇನೆ.

ಎದುರಿನ ಗೋಡೆ ಕೆಂಪು. ಬೆಂಕಿಯ ಬಾಯಿ ನನಗೆ ಕಾಣದು, ಕಂಬ ಅಡ್ಡ.
ಆದರೂ ಪ್ರತಿ ಸಲ ಖೈರುನ್‌ಬಿ ಅದರ ಮುಂದೆ ಹಾದಾಗ
ಗೋಡೆಯ ಕೆಂಪು ಒಂದು ಕೂದಲೆಳೆ ಕುಗ್ಗುತ್ತದೆ,
ಮತ್ತೆ ತುಂಬುತ್ತದೆ.
ಅಷ್ಟೇ ಸಾಕಂತೆ. ಮೊನ್ನೆ ಕ್ಲಾಸಿನಲ್ಲಿ ಮೇಡಂ ಹೇಳಿದ್ದು:
ನಕ್ಷತ್ರದ ನೂರು ಪಾಲು ಬೆಳಕಿನಲ್ಲಿ
ಒಂದು ಪಾಲು ತಪ್ಪದೆ, ಹೊತ್ತಿಗೆ ಸರಿಯಾಗಿ ಕಮ್ಮಿಯಾದರೆ
ಅಲ್ಲೊಂದು ಗ್ರಹ ಇದೆ.
ಗ್ರಹವನ್ನು ಕಂಡವರಿಲ್ಲ. ಕುಗ್ಗಿದ್ದನ್ನು ಕಂಡವರು.

ಕಿಟಕಿಗೆ ಪರದೆ ಎಳೆಯುತ್ತಾ ನಾನೂ ಕೇಳಿಸಿಕೊಂಡೆ.
ನಮ್ಮ ಗುರುಗ್ರಹದಂಥ ದೈತ್ಯ
ಬೆಂಕಿಗೆ ಅಂಟಿಕೊಂಡಂತೆ ಸುತ್ತುತ್ತದಂತೆ,
ನಾಲ್ಕು ದಿನಕ್ಕೊಂದು ವರ್ಷ:
ಸೋಮವಾರ ಯುಗಾದಿ, ಶುಕ್ರವಾರ ಮತ್ತೆ ಯುಗಾದಿ,
ಬೇವಿನ ಕಹಿ ನಾಲಿಗೆಯಿಂದ ಇಳಿಯುವ ಮುಂಚೆ.
ಮುಖ ಸದಾ ಒಲೆಗೆ. ಬೆನ್ನಿಗೆ ಮುಗಿಯದ ಅಮಾವಾಸ್ಯೆ.

ಅಷ್ಟು ಹತ್ತಿರ ಅಷ್ಟು ದೊಡ್ಡದು ಹುಟ್ಟುವುದು ಕಷ್ಟ.
ದೂರದಲ್ಲಿ, ನೀರಾವಿ ಹೆಪ್ಪುಗಟ್ಟುವ ಗೆರೆಯಾಚೆ,
ಧೂಳು ಧೂಳಿಗಂಟಿ, ಹರಳಾಗಿ, ಗುಂಡಾಗಿ,
ಹತ್ತು ಭೂಮಿಯ ತೂಕದ ತಿರುಳಾಗಿ,
ಆಮೇಲೆ ಹಸಿವು ತಡೆಯದೆ ಸುತ್ತಲಿನ ಅನಿಲವನ್ನೆಲ್ಲ ಗಟಗಟ ಕುಡಿದು
ಒಳಗೆ ಬಂದಿರಬೇಕು.
ಹೇಗೆ ಬಂತು ಎನ್ನುವುದರಲ್ಲೇ ಜಗಳ.

ಒಂದು ಪಕ್ಷ: ಹೆತ್ತ ಮಡಿಲೇ, ಆ ತಿರುಗುವ ಧೂಳಿನ ತಟ್ಟೆಯೇ,
ಮೆಲ್ಲಗೆ ಒಳಕ್ಕೆ ಜಾರಿಸಿತು,
ಲೋಟ ಕಲಕಿದಾಗ ಚಹಾಪುಡಿ ನಡುವಿಗೆ ಸರಿದಂತೆ.
ಇನ್ನೊಂದು ಪಕ್ಷ: ಜೊತೆಗಿದ್ದ ಇನ್ನೊಂದು ದೈತ್ಯ ದೂಡಿತು,
ಗುಂಡಗಿದ್ದ ದಾರಿ ಸೌತೆಕಾಯಿಯಾಯಿತು,
ಸುತ್ತು ಸುತ್ತಿಗೂ ಬೆಂಕಿಯನ್ನು ಸವರಿ ಸವರಿ
ಕಸುವು ಕಳಕೊಂಡು ಕೊನೆಗೆ ಬಳೆಯಂತೆ ಸಣ್ಣಗೆ ನಿಂತಿತು.
ಆ ತಳ್ಳಾಟದಲ್ಲಿ ನಡುವಿನ ಚಿಳ್ಳೆಪಿಳ್ಳೆಗಳೆಲ್ಲ ಚೆಲ್ಲಿಹೋದವು;
ಅದಕ್ಕೇ ಅದಕ್ಕೆ ನೆರೆಹೊರೆ ಇಲ್ಲ.

ಖೈರುನ್‌ಬಿ ಜಾಲರಿ ಜಾಡಿಸಿದಳು. ಮರಳು ಕೆಳಗೆ, ಮಂಡಕ್ಕಿ ಮೇಲೆ.
ಒಂದು ಹಿಡಿ ನನ್ನ ಕೈಗೆ ಸುರಿದಳು.
ಕೈ ತುಂಬಿತು, ತೂಕವೇ ಇಲ್ಲ.
ಇದನ್ನೂ ಮೇಡಂ ಹೇಳಿದ್ದರು: ಆ ದೈತ್ಯಗಳು
ಇರಬೇಕಾದ್ದಕ್ಕಿಂತ ಉಬ್ಬಿವೆ,
ಶಾಖ ಹೇಗೋ ಒಳಗಿಳಿದು ಕುಗ್ಗಲು ಬಿಡುತ್ತಿಲ್ಲ,
ಹೇಗೆಂದು ಪೂರ್ತಿ ಗೊತ್ತಿಲ್ಲ.
ಗೊತ್ತಿಲ್ಲ ಎನ್ನುವಾಗ ಅವರ ಮುಖದಲ್ಲೊಂದು ಖುಷಿ ಇತ್ತು.

“ನೀವು ಯಾವ ಕಡೆಯವರು, ಖೈರುನ್‌ಬಿ?
ಹರಿಹರದ ಹೊಳೆದಂಡೆಯಿಂದ ಮದುವೆಯಾಗಿ ಬಂದಿರೋ,
ಮಲೇಬೆನ್ನೂರಿಂದ ಯಾರಾದರೂ ಅಟ್ಟಿದರೋ?”
ತಂಪಿನಿಂದ ಬಂದವಳೆಂದೇ ನನ್ನ ಎಣಿಕೆ.
ಇಷ್ಟು ಝಳದಲ್ಲಿ ಯಾರು ತಾನೇ ಹುಟ್ಟುತ್ತಾರೆ.

ಹುಬ್ಬಿನ ಬೂದಿ ಸೆರಗಿನಿಂದ ಒರೆಸಿ ನಕ್ಕಳು.
“ಎಲ್ಲಿಂದ ಬರೋದ್ರೀ? ಇಲ್ಲೇ ಹುಟ್ಟಿದ್ದು.
ಅಗೋ, ಆ ಹೊಟ್ಟಿನ ರಾಶಿ ಹಿಂದೆ. ಭಟ್ಟಿ ಉರೀತಾನೇ ಇತ್ತು.
ಅಮ್ಮ ಅರ್ಧ ಚೀಲ ಹುರಿದಿಟ್ಟು ಹೆತ್ತಳಂತೆ,
ಉಳಿದರ್ಧ ಸಂಜೆಗೆ.”

ಇಂಥದೇ ಒಂದು ಮೂರನೆಯ ಪಕ್ಷ ಇದೆ,
ಕೆಲವು ಇದ್ದಲ್ಲೇ ಹುಟ್ಟಿರಬಹುದು ಅನ್ನುವವರದು.
ಗಂಟೆ ಹೊಡೆದ ಮೇಲೆ, ಡಸ್ಟರ್ ಎತ್ತಿಕೊಳ್ಳುತ್ತಾ
ಮೇಡಂ ಒಂದೇ ಮಾತಲ್ಲಿ ಮುಗಿಸಿದ್ದರು.
ಹುಡುಗರು ಬರಕೊಳ್ಳಲಿಲ್ಲ.
ಬೋರ್ಡು ಒರೆಸಿದವನು ನಾನು.

ಕೊನೆಗೇನಾಗುತ್ತದೆ ಎಂಬುದನ್ನೂ ಕೇಳಿದ್ದೆ:
ಉಸಿರು ಧೂಮಕೇತುವಿನ ಬಾಲದಂತೆ ಹಿಂದೆ ಸೋರುತ್ತಾ,
ಕೆಲವು ಸುತ್ತಿಗೊಂದು ಎಳೆ ಒಳಗೊಳಗೆ ಸರಿಯುತ್ತಾ…
ಅವಳಿಗೆ ಅದನ್ನು ಹೇಳಲಿಲ್ಲ.
ಸೈಕಲ್ಲಿಗೆ ಚೀಲ ಕಟ್ಟಿದೆ. ಆಳೆತ್ತರ, ಎಳೆಮಗುವಿನ ತೂಕ.

ಗೋಡೆ ಒಮ್ಮೆ ಕುಗ್ಗಿತು.
ಹೊರಡಬೇಕಿತ್ತು. ನಿಂತು ಎಣಿಸತೊಡಗಿದೆ.