ಏಳನೆಯ ಪ್ರಶ್ನೆ

ಅಲ್ ನಹದಾದ ಕ್ಲಿನಿಕ್ಕಿನಲ್ಲಿ ಕೊಟ್ಟ ಫಾರಮ್ಮಿನಲ್ಲಿ
ಆರು ಪ್ರಶ್ನೆಯವರೆಗೆ ಕೈ ತಾನೇ ಓಡಿತು.
ಹೆಸರು, ನಿಹಾಂತ್. ವಯಸ್ಸು, ನಾಲ್ಕು ತುಂಬಿ ಎರಡು ತಿಂಗಳು.
ಕತ್ತು ನಿಂತದ್ದು, ಕವುಚಿ ಬಿದ್ದದ್ದು, ಹೆಜ್ಜೆ ಇಟ್ಟದ್ದು.
ಮೊದಲ ಮಾತು, ಅಮ್ಮ ಅಲ್ಲ, ಲಿಫ್ಟು.
ಏಳನೆಯದು: ತಾಯಿಗೆ ಗರ್ಭ ನಿಂತದ್ದು ಎಷ್ಟು ಸಲ?
ಪಕ್ಕಕ್ಕೊಂದು ಚೌಕ.
ಅದರ ಪಕ್ಕ ಇನ್ನೊಂದು: ಹೆತ್ತದ್ದೆಷ್ಟು?

ರೋಲಾದ ಆ ಕೋಣೆ ಕೋಣೆಯೂ ಅಲ್ಲ,
ಒಂದು ಹಾಲಿನ ಮೂರನೇ ಪಾಲು, ಪ್ಲೈವುಡ್ಡಿನ ಗೋಡೆ,
ಆಚೆಯವರು ಮಗ್ಗುಲು ಬದಲಿಸಿದರೆ
ನಮ್ಮ ಕ್ಯಾಲೆಂಡರು ಅಲುಗುತ್ತಿತ್ತು.
ಯಶೋಧರನಿಗೆ ಮೂರು ತಿಂಗಳಿಂದ ಸಂಬಳವಿಲ್ಲ,
ನನ್ನ ವೀಸಾಕ್ಕೆ ಉಳಿದದ್ದು ನಲವತ್ತು ದಿನ.
ಏಸಿಯ ನೀರು ಪೇಂಟಿನ ಡಬ್ಬಕ್ಕೆ ತೊಟ್ಟಿಕ್ಕುವುದನ್ನು
ಎಣಿಸುತ್ತ ಮಲಗಿದ್ದೆವು, ಇಬ್ಬರೂ ನಿದ್ದೆ ಬಂದವರ ಹಾಗೆ.
"ನಿನ್ನಿಷ್ಟ" ಅಂದ.
ಆ ಮಾತಿಗೆ ವರ್ಷಗಟ್ಟಲೆ ಅವನನ್ನು ಕ್ಷಮಿಸಲಿಲ್ಲ.
ಬೇರೇನು ಅಂದಿದ್ದರೂ ಕ್ಷಮಿಸುತ್ತಿರಲಿಲ್ಲ.

ಉಡುಪಿಯ ಡಾಕ್ಟರಮ್ಮ ಏಳು ವಾರ ಅಂದರು.
ಅತ್ತೆಗೆ ಕಾಮಾಲೆ ಅಂದೆ.
ಹದಿನೈದು ದಿನ ಅವರು ನೆಲನೆಲ್ಲಿ ಅರೆದು
ಮಜ್ಜಿಗೆಯಲ್ಲಿ ಕದಡಿ ಕೊಟ್ಟರು.
ಇಲ್ಲದ ಕಾಯಿಲೆಗೆ ಅಷ್ಟು ಕಹಿ ಮದ್ದು.
ಲೋಟ ತೊಳೆದೂ ಕುಡಿದೆ.

ಪ್ಲೈವುಡ್ಡಿನಾಚೆಯ ಗ್ಲೆನಿಟಾಳಿಗೂ ಅದೇ ತಿಂಗಳು ನಿಂತಿತ್ತು.
ಅವಳು ಉಳಿಸಿಕೊಂಡಳು.
ಮೂರು ತಿಂಗಳ ಕೂಸನ್ನು ತಾಯಿಯ ಮಡಿಲಿಗೆ ಹಾಕಿ
ವಾಪಸು ಬಂದು, ಡ್ಯೂಟಿಗೆ ಹೋಗುವ ಮೊದಲು
ಬಚ್ಚಲಲ್ಲಿ ನಿಂತು ಹಾಲು ಹಿಂಡಿ ಚೆಲ್ಲುತ್ತಿದ್ದಳು.
ಆ ಹುಡುಗಿಗೀಗ ಒಂಬತ್ತು. ಚೆಸ್ಸಿನಲ್ಲಿ ತಾಲೂಕಿಗೇ ಮೊದಲು.
ವೀಡಿಯೋ ಕಾಲಿನಲ್ಲಿ ಬಾಯಿ ತಪ್ಪಿ
ಹೆತ್ತವಳನ್ನು ಆಂಟಿ ಅನ್ನುತ್ತಾಳಂತೆ.
ಸರಿಯಾದ ಕಾಲ ಯಾವುದೆಂದು ಗ್ಲೆನಿಟಾಳನ್ನೇ ಕೇಳಬೇಕು.
ಕೇಳಿದರೆ ಅವಳೂ ನನ್ನನ್ನು ಕೇಳಿಯಾಳು.

ನಿಹಾಂತ್ ಹುಟ್ಟುವ ಹೊತ್ತಿಗೆ ನಮಗೊಂದು ಕಿಟಕಿಯಿತ್ತು.
ಕಿಟಕಿಗೆ ಎರಡು ಕ್ರೇನು, ಮರಳಗಾಳಿ ಎದ್ದ ದಿನ
ಬರಿಗಣ್ಣಲ್ಲಿ ನೋಡಬಹುದಾದ ಸೂರ್ಯ.
ರಾತ್ರಿ ಕತೆ ಓದುವಷ್ಟು ಪುರುಸೊತ್ತು,
ಬೆಳಿಗ್ಗೆ ಬೈಯದಿರುವಷ್ಟು ನಿದ್ದೆ.
ಅವನೊಂದು ಹೊಸ ಪದ ಆಡಿದಾಗ
ಕಾದ ಐದು ವರ್ಷದ ಬಡ್ಡಿ ಇದು ಅಂದುಕೊಳ್ಳುತ್ತೇನೆ.
ಅಂಗಡಿಯ ನೆಲಕ್ಕೆ ಬಿದ್ದು ಹೊರಳಿ ಚೀರಿದಾಗ
ದಂಡ ಅಂದುಕೊಳ್ಳುತ್ತೇನೆ.
ಹೆಚ್ಚಿನ ಸಲ ಅವನಿಗೆ
ಹಸಿವಾಗಿರುತ್ತದೆ, ಅಷ್ಟೆ.

ಬರೆದೆ, 2. ಪಕ್ಕದ ಚೌಕದಲ್ಲಿ, 1.
ತೊಡೆ ಹತ್ತಿ ಕೂತವನು ಕಾಗದಕ್ಕೆ ಬೆರಳೊತ್ತಿ
ಕಾದು ಕೂತವರಿಗೆಲ್ಲ ಕೇಳುವ ಹಾಗೆ
"ಟೂ" ಅಂದ. "ಆಮೇಲೆ ವನ್.
ಕೆಳಗೆ ಹೋಗ್ತಾ ಉಂಟು ಅಮ್ಮ, ಕೆಳಗೆ."
ನೀರಿನ ಕೂಲರಿನ ಬಳಿ ಯಶೋಧರ ಹಾಗೇ ನಿಂತಿದ್ದ,
ಲೋಟ ತುಂಬಿ ಕೈಮೇಲೆ ಹರಿಯುತ್ತಿತ್ತು.
ನರ್ಸು ನಕ್ಕಳು. ತನ್ನ ಹಾಳೆಯಲ್ಲಿ
ಅಂಕಿ ಗುರುತಿಸುತ್ತಾನೆ ಎಂಬಲ್ಲಿ
ಒಂದು ಗೀಟು ಹಾಕಿದಳು.