ಯ ಒತ್ತು

ನಮ್ಮ ಸಂಘದ ಕೋಣೆ ಮೊದಲು ಹಿಟ್ಟಿನ ಗಿರಣಿ;
ಗೋಡೆ ತಟ್ಟಿದರೆ ಈಗಲೂ ರಾಗಿಹಿಟ್ಟು ಉದುರುತ್ತದೆ.
ಸೀಗೆಹಟ್ಟಿಯ ಮಕ್ಕಳು ಸಂಜೆ ಆರಕ್ಕೆ ಬಂದು
ಆ ಪುಡಿಯಲ್ಲೇ ಬೆರಳಿಂದ ಅಕ್ಷರ ತಿದ್ದುತ್ತವೆ.

ಅರ್ಜಿ ಬರೆಯುವವಳು ನಾನು.
ಬಾಡಿಗೆ ಬಾಕಿ, ಪಡಿತರ, ತುಂಗೆ ನುಗ್ಗಿ ಕುಸಿದ ಗೋಡೆ.
ಹದಿನೇಳು ಅರ್ಜಿ, ನಾಲ್ಕು ವರ್ಷ,
ಕೊನೆಗೆ ಬಂತು ದ್ಯಾವಮ್ಮನ ಹಕ್ಕುಪತ್ರ.

ಲ್ಯಾಮಿನೇಷನ್ನಿನ ಬಿಸಿ ಇನ್ನೂ ಆರಿರಲಿಲ್ಲ,
ಮೂರನೇ ಕ್ಲಾಸಿನ ಮೊಮ್ಮಗಳು ಇಂಚರ
ಬೆರಳಿಟ್ಟು ಜೋರಾಗಿ ಓದಿದಳು: 'ದೇ-ವ-ಮ್ಮ.'
ತಡೆದಳು.
'ಅಜ್ಜಿ, ಇದು ನೀನಲ್ಲ. ಯ ಒತ್ತೇ ಇಲ್ಲ.'

ಒತ್ತು ಕಲಿಸಿದವಳೂ ನಾನೇ,
ಹೆಸರು ಚಂದ ಕಾಣಲೆಂದು
ಅರ್ಜಿಯಲ್ಲಿ ತಿದ್ದಿ ಬರೆದವಳೂ ನಾನೇ.
ಹಾಗೆ ಬರಿ ಅಂತ ಯಾರೂ ಹೇಳಿರಲಿಲ್ಲ.

ದ್ಯಾವಮ್ಮ ನಕ್ಕಳು:
'ಇರ್ಲಿ ಬಿಡವ್ವ, ಮನೆ ಆಯಮ್ಮಂದೇ ಆಗ್ಲಿ.
ನಾನು ಬಾಡಿಗೆಗೆ ಇರ್ತೀನಿ,
ಅಭ್ಯಾಸ ಐತಲ್ಲ.'

ನಗು ಮುಗಿದ ಮೇಲೂ ಅವಳು ಏಳಲಿಲ್ಲ.
ಪೆನ್ನಿನ ಕ್ಯಾಪು ತೆಗೆದೆ. ಹದಿನೆಂಟನೆಯದು.
ಹೆಸರಿನ ಜಾಗ ಖಾಲಿ ಬಿಟ್ಟು
ಹಾಳೆಯನ್ನು ಹುಡುಗಿಯ ಕಡೆ ತಿರುಗಿಸಿದೆ.