ನಾಲ್ಕನೇ ಘಟಕ

ಮರವಿಲ್ಲದ ಬಯಲು. ನೆಟ್ಟಗೆ ನಿಂತದ್ದು ಒಂದೇ,
ನಾನೂರು ಮೀಟರಿನ ಚಿಮಣಿ.
ಚಳಿಗಾಲದಲ್ಲಿ ಅದರ ನೆರಳು
ಶಾಲೆಯ ಮೆಟ್ಟಿಲಿಗೆ ಬಂತೆಂದರೆ ಊಟದ ಗಂಟೆ.
ಹಿಮ ಬೀಳುವಾಗ ಬೆಳ್ಳಗೇ ಬೀಳುತ್ತಿತ್ತು. ಮರುದಿನ ನೋಡಿದರೆ
ಯಾರೋ ಹಳೇ ಕಂಬಳಿ ಹಾಸಿದ ಹಾಗೆ.

ಪಕ್ಕದ ಮನೆಯ ಎವಾಲ್ಡ್ ಮಾಮ ಹಾರೆ ಹಿಡಿದು
ವ್ಯಾಗನ್ನಿನಲ್ಲಿ ಹೆಪ್ಪುಗಟ್ಟಿದ ಕಲ್ಲಿದ್ದಲು ಕೆಡವುತ್ತಿದ್ದ.
"ಅರ್ಧ ಇದ್ದಲು, ಅರ್ಧ ಬೂದಿ. ನನ್ನ ಹಾಗೇ,"
ಅಂದು ಕೆಮ್ಮುತ್ತಿದ್ದ, ಇಲ್ಲವೇ ನಗುತ್ತಿದ್ದ.

ಅಮ್ಮ ನಾಲ್ಕನೇ ಘಟಕದ ಫಲಕದೆದುರು.
ಅಪ್ಪ ನೂರ ಮೂವತ್ತು ಕಿಲೋಮೀಟರಿನಾಚೆ, ಇರ್ತಿಶ್ ದಂಡೆಯಲ್ಲಿ,
ಅಲ್ಯೂಮಿನಿಯಂ ಕರಗುವ ತೊಟ್ಟಿಗಳ ಸಾಲಿನಲ್ಲಿ.
ತಿಂಗಳಿಗೆರಡು ಸಲ ಬಸ್ಸಿಳಿದು ಬರುತ್ತಿದ್ದ.
ಉಳಿದ ದಿನ ಅವರ ಸಂಸಾರ ತಂತಿಯ ಮೇಲೆ.
ಮುಳ್ಳು ಏರಿದರೆ ಅಮ್ಮ, "ದೌಲೆತ್‌ಗೆ ಹಸಿವು," ಅನ್ನುವಳಂತೆ,
ಕುಲುಮೆಗೆ ಇನ್ನಷ್ಟು ಇದ್ದಲಪುಡಿ ಊದಿಸುವಳಂತೆ.

ಆ ಜನವರಿ, ಸೊನ್ನೆಗಿಂತ ನಲವತ್ತೊಂದು ಕೆಳಗೆ,
ಎರಡು ಘಟಕ ಒಟ್ಟಿಗೇ ಉಸಿರು ಬಿಟ್ಟವು.
ಐವತ್ತರಲ್ಲಿ ನಿಲ್ಲಬೇಕಾದ ಸಂಖ್ಯೆ ಜಾರತೊಡಗಿತು.
ಫೋನಿನಲ್ಲಿ ಮೇಲಿನವರು: ಯಾವುದನ್ನಾದರೂ ಕತ್ತರಿಸು, ಬೇಗ.
ನಾಲ್ಕು ತಾಸು ಕರೆಂಟಿಲ್ಲದಿದ್ದರೆ ತೊಟ್ಟಿಯ ಲೋಹ ಕಲ್ಲಾಗುತ್ತದೆ,
ತಿಂಗಳುಗಟ್ಟಲೆ ಒಡೆಯಬೇಕು, ಒಡೆದರೂ ತೊಟ್ಟಿ ಉಳಿಯದು.
ತೊಟ್ಟಿ ಇಲ್ಲದೆ ಆ ಊರಿಗೇನು ಕೆಲಸ,
ಆ ಊರಿಲ್ಲದೆ ನಮ್ಮ ಚಿಮಣಿಗೇನು ಕೆಲಸ.
ಅಮ್ಮ ನಮ್ಮ ಬೀದಿಯನ್ನು ಕತ್ತರಿಸಿದಳು.

ಆರು ತಾಸು.
ಗೋಡೆಯ ಶಾಖದ ಕೊಳವೆಗಳು ತಣ್ಣಗಾಗುತ್ತಾ ಟಕ್ ಟಕ್ ಅಂದವು.
ಜಿಬೆಕ್ ಅಜ್ಜಿ ನಮ್ಮ ಮೇಲೆ ಕುರಿಚರ್ಮ ಎಳೆದು
ದೀಪ ಆರಿಸಿದವನ ವಂಶಕ್ಕೆಲ್ಲ ಹಿಡಿಶಾಪ ಹಾಕಿದಳು.
ಅದು ನಮ್ಮದೇ ವಂಶ ಅಂತ ಬೆಳಗಿನ ತನಕ ಗೊತ್ತಿರಲಿಲ್ಲ.

ಅಮ್ಮ ಬಂದಳು. ಹುಬ್ಬಿನಲ್ಲಿ ಹಿಮ, ಮೂಗಿನಲ್ಲಿ ಮಸಿ.
"ನಾನೇ," ಅಂದಳು.
ಅಜ್ಜಿ ಚಹಾ ಬಗ್ಗಿಸಿದಳು, ಅಂಚಿನ ತನಕ.
ನಮ್ಮಲ್ಲಿ ಅರ್ಧ ಬಟ್ಟಲು ಅಂದರೆ ಇನ್ನೂ ಕೂತಿರು;
ತುಂಬಿದ ಬಟ್ಟಲು ಅಂದರೆ ಕುಡಿದು ಹೊರಡು.
ಅಮ್ಮ ಬಟ್ಟಲು ನೋಡಿದಳು. ಕೋಟು ಬಿಚ್ಚಲಿಲ್ಲ.

ಫೋನು ಬಡಿದುಕೊಂಡಿತು. ಅಪ್ಪನ ದನಿ, ಹಿಂದೆ ಗದ್ದಲ:
"ಎಲ್ಲ ಕರಗೇ ಇದೆ ಅವ್ವಾ, ಒಂದು ತೊಟ್ಟಿಯೂ ಸತ್ತಿಲ್ಲ.
ಅಲ್ಲಿ ಯಾರೋ ಪುಣ್ಯಾತ್ಮರು..."
ಅಜ್ಜಿ ರಿಸೀವರ್ ಇಟ್ಟಳು. ಮಾತಿಲ್ಲ.
ಅಮ್ಮನ ಬಟ್ಟಲೆತ್ತಿ ಅರ್ಧ ಚಹಾ
ತನ್ನದಕ್ಕೆ ಬಗ್ಗಿಸಿಕೊಂಡಳು.

ಹೊರಗೆ ಎವಾಲ್ಡ್ ಮಾಮನ ಕೆಮ್ಮು,
ಹಿಮದ ಮೇಲೆ ಹಾರೆ ಎಳೆಯುವ ಸದ್ದು,
ಎಂಟರ ಪಾಳಿಗೆ.